ಗಾರ್ಡ್ ದೇವಯ್ಯನ ವಾಚಿನ ಮುಚ್ಚಳ

2025ರ ಜೂನ್ 2, ಸೋಮವಾರ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಮಳವಳ್ಳಿ ಠಾಣೆಗೆ ಒಬ್ಬ ಮುದುಕಿ ಬಂದು ಬೆಂಚಿನ ಮೇಲೆ ಕೂರದೆ ನೇರವಾಗಿ ಮೇಜಿನ ಮುಂದೆ ನಿಂತಳು. ಹಿಂದೆ ಐವತ್ತರ ಆಸುಪಾಸಿನ ಮಗ, ಮುಜುಗರದಿಂದ ಅತ್ತಿತ್ತ ನೋಡುತ್ತಿದ್ದ. ಮುದುಕಿ ಸೆರಗಿನ ಗಂಟು ಬಿಚ್ಚಿ ಒಂದು ಜೇಬು ಗಡಿಯಾರವನ್ನು ಪಿಎಸ್‌ಐ ಅರ್ಪಿತಳ ಮುಂದಿಟ್ಟಳು.

"ಇದು ನಮ್ಮ ಯಜಮಾನ್ರ ವಾಚಲ್ಲ ಕಣವ್ವ."

ಹೆಸರು ಪುಟ್ಟಮಾದಮ್ಮ, ಎಪ್ಪತ್ನಾಲ್ಕು ವರ್ಷ, ಊರು ಮದ್ದೂರು. ಗಂಡ ದೇವಯ್ಯ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ಹೋದ ವರ್ಷ ತೀರಿಕೊಂಡಿದ್ದರು. ಮಗ ಮಹದೇವಸ್ವಾಮಿ ಮಳವಳ್ಳಿಯ ಕಾಲೇಜೊಂದರಲ್ಲಿ ಗುಮಾಸ್ತ. ಅಪ್ಪನ ವರ್ಷದ ಪೂಜೆಗೆ ಫೋಟೋದ ಮುಂದೆ ವಾಚಿಡಬೇಕು, ಓಡುತ್ತಿದ್ದರೆ ಚೆನ್ನ ಎಂದುಕೊಂಡು ಮೇ 12ರಂದು ಪೇಟೆ ಬೀದಿಯ ಸಿದ್ದರಾಮು ಎಂಬ ರಿಪೇರಿಯವನಿಗೆ ಕೊಟ್ಟಿದ್ದ. 26ಕ್ಕೆ ವಾಪಸ್ ತಂದ. ವಾಚು ಓಡುತ್ತಿತ್ತು. ಅವ್ವ ಮಾತ್ರ ಕೈಗೆ ತೆಗೆದುಕೊಂಡ ಮರುಕ್ಷಣವೇ ಇದು ಬೇರೆ ಎಂದಳು. ಒಂದು ವಾರ ಮಗ ಸಮಾಧಾನ ಹೇಳಿದ್ದ, ಆಗಿರಲಿಲ್ಲ.

ಅರ್ಪಿತ ವಾಚನ್ನು ತಿರುಗಿಸಿ ನೋಡಿದಳು. ಬಿಳಿ ಡಯಲು, ಕಪ್ಪು ಅಂಕಿ, ಬೆನ್ನಿನ ಮೇಲೆ ಕೆತ್ತಿದ ರೈಲ್ವೆ ನಂಬರು: 412. ಮಹದೇವಸ್ವಾಮಿ ಒಂದು ಹಳೆಯ ರಸೀದಿಯನ್ನೂ ತಂದಿದ್ದ. ರೈಲ್ವೆಯವರು ಬಳಕೆ ತಪ್ಪಿದ ಗಡಿಯಾರಗಳನ್ನು 1996ರಲ್ಲಿ ಹರಾಜು ಹಾಕಿದಾಗ ದೇವಯ್ಯ ತಾನು ಇಪ್ಪತ್ತು ವರ್ಷ ಜೇಬಿನಲ್ಲಿಟ್ಟುಕೊಂಡಿದ್ದ ವಾಚನ್ನೇ ಕೂಗಿ ಕೊಂಡಿದ್ದರು. ರಸೀದಿಯಲ್ಲೂ 412 ಎಂದೇ ಇತ್ತು.

"ನಂಬರು ಸರಿಯಾಗೇ ಇದೆಯಲ್ಲ ಅಜ್ಜಿ?"

"ನಂಬ್ರ ಸರ್ಯಾಗೈತೆ. ಆದ್ರೆ ಚುಚ್ತದೆ."

"ಚುಚ್ಚುತ್ತಾ?"

"ನಂಗೆ ಕಣ್ಣು ಅಷ್ಟಕ್ಕಷ್ಟೆ. ದಿನಾ ಕೀಲಿ ಕೊಡೋವಾಗ ಅವ್ರು ಎಬ್ಬೆಟ್ನಲ್ಲಿ ಬೆನ್ನು ಉಜ್ಜೋರು. ಅವ್ರು ಮಲಗಿದ್ಮೇಲೆ ನಾನು ಉಜ್ಜಿವ್ನಿ. ಆ ನಂಬ್ರ ಸವೆದು ನುಣ್ಣಗಾಗಿತ್ತು. ಇದು ಮೊನ್ನೆ ಕೆತ್ತಿದಂಗೈತೆ."

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಚಿಕ್ಕಣ್ಣ ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಹುಬ್ಬೇರಿಸಿದ. ಅರ್ಪಿತಳೂ ಮುಟ್ಟಿದಳು. ವಾಚಿನ ಅಂಚೆಲ್ಲ ಸೋಪಿನ ಚೂರಿನಂತೆ ಸವೆದಿತ್ತು. ಅಂಕಿಗಳ ಅಂಚು ಮಾತ್ರ ಬ್ಲೇಡಿನಂತೆ ಹರಿತವಾಗಿತ್ತು.

ಇನ್‌ಸ್ಪೆಕ್ಟರ್ ರವಿಚಂದ್ರ ದೂರು ಓದಿ ನಕ್ಕುಬಿಟ್ಟರು. "ವಾಚು ಅವರ ಕೈಯಲ್ಲೇ ಇದೆ, ಓಡ್ತಾನೂ ಇದೆ. ಕಳುವಾಗಿದ್ದು ಏನ್ರೀ? ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸಿ ಕಳಿಸಿ."

"ಒಳಗಿನ ಮಿಷನ್ ಬದಲಾಯಿಸಿರಬಹುದು ಸರ್. ಹಳೆಯ ರೈಲ್ವೆ ವಾಚಿಗೆ ಬೆಲೆ ಇದೆಯಂತೆ."

"ಹಾಗಾದ್ರೆ ಮೊದಲು ಮಗನನ್ನ ವಿಚಾರಿಸಿ."

ಮಧ್ಯಾಹ್ನ ಒಂದೂ ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 316(2), ನಂಬಿಕೆ ದ್ರೋಹ. ಆರೋಪಿಯ ಹೆಸರಿನ ಕಡೆ 'ತನಿಖೆಯಿಂದ ತಿಳಿಯಬೇಕಾಗಿದೆ' ಎಂದು ಬರೆಸಿದಳು.

ಮಗನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದಾಗ ಅವನು ಬೆವರು ಒರೆಸಿಕೊಂಡ. ಆಮೇಲೆ ಅವ್ವನಿಗೆ ಹೇಳದ ಒಂದು ಮಾತು ಹೇಳಿದ. ಏಪ್ರಿಲ್‌ನಲ್ಲಿ ಮಂಡ್ಯದ ಹಳೆ ಸಾಮಾನಿನ ವ್ಯಾಪಾರಿ ಪ್ರಸನ್ನ ಎಂಬವನಿಗೆ ವಾಚು ತೋರಿಸಿದ್ದ. ಮಾರುವ ಯೋಚನೆ ಇತ್ತು, ಕೊನೆಗೆ ಮನಸ್ಸು ಬರಲಿಲ್ಲ.

"ಅವ್ವಂಗೆ ಏಳ್ಬೇಡಿ ಮೇಡಂ."

*

ಜೂನ್ 3ರ ಬೆಳಿಗ್ಗೆ ಹತ್ತೂವರೆಗೆ ಅರ್ಪಿತ ಮತ್ತು ಚಿಕ್ಕಣ್ಣ ಮಂಡ್ಯದಲ್ಲಿದ್ದರು. ಪ್ರಸನ್ನನ ಅಂಗಡಿಯಲ್ಲಿ ಹಿತ್ತಾಳೆ ದೀಪ, ಗ್ರಾಮಫೋನು, ಕಂಚಿನ ಗಂಟೆಗಳ ನಡುವೆ ಕೂರಲು ಎರಡೇ ಸ್ಟೂಲು. ಪೊಲೀಸರನ್ನು ಕಂಡು ಮೊದಲು ಬಿಳಿಚಿಕೊಂಡವನು, ವಾಚು ಮುಂದಿಟ್ಟ ಮೇಲೆ ಭಯ ಮರೆತ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಡಯಲಿನಿಂದ ಶುರು ಮಾಡಿದ.

"ಡಯಲು ಅದೇ. ಏಳರ ಹತ್ರ ಕೂದಲೆಳೆಯಷ್ಟು ಬಿರುಕು ನೋಡಿ, ಏಪ್ರಿಲ್‌ನಲ್ಲೂ ಇತ್ತು. ಸೆಕೆಂಡಿನ ಮುಳ್ಳು ಯಾವಾಗಲೋ ಬದಲಾಯಿಸಿದ್ದು, ಅದೂ ಅದೇ." ಬೆನ್ನಿನ ಮುಚ್ಚಳದ ಸಂದಿಗೆ ಉಗುರು ಹಾಕಿ ತೆಗೆದ. ಒಳಗೆ ಹಲ್ಲಿನ ಚಕ್ರಗಳು ಹೊಳೆಯುತ್ತಿದ್ದವು. "ಮಿಷನ್ ನಂಬರೂ ಅದೇ. ಚೆನ್ನಾಗಿ ತೊಳೆದು ಎಣ್ಣೆ ಹಾಕಿದ್ದಾನೆ. ಕೈ ಪಳಗಿದೋನು."

"ಹಾಗಾದ್ರೆ ಏನೂ ಬದಲಾಗಿಲ್ಲವಾ?"

ಪ್ರಸನ್ನ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ವಾಚಿಗೆ ಕೂರಿಸಿದ. ಒಂದು ಕಡೆ ಕಾಗದ ತೂರುವಷ್ಟು ಸಂದಿ ಉಳಿಯಿತು.

"ಇದು ಬದಲಾಗಿದೆ. ಒಂದು ವಾಚು ಅಸಲಿಯೋ ಅಲ್ವೋ ಅಂತ ನೋಡೋದಕ್ಕೆ ನಂಬರು ಸಾಲದು ಮೇಡಂ. ಅದರ ಭಾಗಗಳೆಲ್ಲ ಜೊತೆಜೊತೆಯಾಗಿ ಸವೆದಿರಬೇಕು. ಈ ಮುಚ್ಚಳ ಇದೇ ಕಂಪನಿಯ ಬೇರೆ ವಾಚಿಂದು. ನಂಬರನ್ನ ಈಚೆಗೆ ಕೆತ್ತಿದ್ದಾರೆ."

"ಮುಚ್ಚಳಕ್ಕೆ ಏನು ಬೆಲೆ? ಬೆಳ್ಳಿಯದಾ?"

"ನಿಕ್ಕಲ್ಲು. ಗುಜರಿಗೆ ಹಾಕಿದರೆ ಒಂದು ಟೀ ಬರಲ್ಲ."

ಚಿಕ್ಕಣ್ಣ ಗೊಣಗಿದ. "ವಾಚು ಬುಟ್ಟು ಮುಚ್ಚಳ ಕದ್ದೋನು ಯಾವನಪ್ಪಾ?"

ಪ್ರಸನ್ನ ಆಗಲೇ ಮೊಬೈಲಿನಲ್ಲಿ ಹುಡುಕುತ್ತಿದ್ದ. ಕೊಳ್ಳುವ ಮುಂಚೆ ಪ್ರತಿ ವಾಚಿನ ಒಳಹೊರಗೂ ಫೋಟೋ ತೆಗೆಯುವುದು ಅವನ ರೂಢಿ. ಏಪ್ರಿಲ್ 27, ಸಂಜೆ 4.25ರ ಫೋಟೋ ಸಿಕ್ಕಿತು. ಹಳೆಯ ಮುಚ್ಚಳದ ಒಳಮೈ. ಅದರ ತುಂಬ ಸೂಜಿಯಲ್ಲಿ ಗೀರಿದಂತೆ ಸಣ್ಣ ಸಣ್ಣ ಬರಹ.

"ರಿಪೇರಿಯವರ ಗುರುತು. ವಾಚು ಬಿಚ್ಚಿದವರು ತಾರೀಕು, ಏನು ದೋಷ ಇತ್ತು, ಎರಡನ್ನೂ ಇಲ್ಲಿ ಗೀರಿಡ್ತಾರೆ. ಮುಂದಿನವನಿಗೆ ಗೊತ್ತಾಗಲಿ ಅಂತ. ಯಾವ ರಿಪೇರಿಯವನೂ ಮುಚ್ಚಳ ತೆಗೆದ ಕೂಡಲೇ ಮೊದಲು ಓದೋದು ಇದನ್ನೇ."

ಫೋಟೋ ದೊಡ್ಡದು ಮಾಡಿದರು. ಐದಾರು ತಾರೀಕುಗಳಿದ್ದವು. ಹೆಚ್ಚಿನವು ತಾರೀಕು ಮತ್ತು 'ಎಣ್ಣೆ' ಅಷ್ಟೆ. ಒಂದು ಮಾತ್ರ ಬೇರೆ ಥರ ಇತ್ತು: 9-3-84. +6 ನಿ. ಸರಿ ಮಾಡಿದೆ.

"ಅಂದ್ರೆ?"

"ಎಂಬತ್ನಾಲ್ಕರ ಮಾರ್ಚ್ ಒಂಬತ್ತರಂದು ಈ ವಾಚು ರಿಪೇರಿಗೆ ಬಂದಾಗ ಆರು ನಿಮಿಷ ಮುಂದಿತ್ತು. ಅವನು ಸರಿ ಮಾಡಿದ."

ವಾಪಸ್ ಬರುವಾಗ ಜೀಪಿನಲ್ಲಿ ಅರ್ಪಿತ ತನ್ನ ಮೊಬೈಲಿಗೆ ಹಾಕಿಸಿಕೊಂಡ ಆ ಫೋಟೋವನ್ನೇ ಮತ್ತೆ ಮತ್ತೆ ನೋಡಿದಳು. ಚಿನ್ನ ಕದ್ದವನ ಮನಸ್ಸು ಅವಳಿಗೆ ಅರ್ಥವಾಗುತ್ತಿತ್ತು. ನಾಲ್ಕು ದಶಕದ ಹಿಂದಿನ ಆರು ನಿಮಿಷವನ್ನು ಕದ್ದವನು ಅರ್ಥವಾಗಲಿಲ್ಲ.

*

ಜೂನ್ 4, ಬೆಳಿಗ್ಗೆ 11.45. ಸಿದ್ದರಾಮುವಿನ ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಗೋಡೆಯ ತುಂಬ ಬೇರೆ ಬೇರೆ ಗಂಟೆ ತೋರಿಸುವ ಗಡಿಯಾರಗಳು. ಐವತ್ಮೂರು ವರ್ಷದ ಸಣಕಲು ಮನುಷ್ಯ. ಎದ್ದು ನಿಂತು ಕೈಮುಗಿದ.

"ದೇವಯ್ಯನವರ ವಾಚು ನಿಮ್ಮ ಹತ್ರ ಬಂದಿತ್ತಾ?"

"ಬಂದಿತ್ತು ಮೇಡಂ. ತೊಳೆದು ಕೊಟ್ಟೆ."

"ಏನಾದ್ರೂ ಬದಲಾಯಿಸಿದ್ರಾ?"

"ಇಲ್ಲ. ಕೊಟ್ಟಂಗೇ ಕೊಟ್ಟಿವ್ನಿ."

"ಮುಚ್ಚಳ ತೆಗೆದ್ರಾ?"

"ತೆಗೀದೆ ಎಂಗೆ ತೊಳೆಯಾದು?"

"ಒಳಗಡೆ ಬರಹ ಇತ್ತಾ?"

"ನಾನು ನೋಡ್ನಿಲ್ಲ."

"ನೀವು ರಿಪೇರಿ ಮಾಡಿದ ವಾಚಿನಲ್ಲಿ ತಾರೀಕು ಗೀರಲ್ವಾ?"

"ಗೀರ್ತೀನಿ. ಮೂವತ್ತು ವರ್ಸದಿಂದ ಒಂದೂ ಬುಟ್ಟಿಲ್ಲ." ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಹೊಳೆಯಿತು.

ಅರ್ಪಿತ ವಾಚು ತೆಗೆದು, ಮುಚ್ಚಳ ಬಿಚ್ಚಿ, ಅವನ ದೀಪದ ಕೆಳಗಿಟ್ಟಳು. ಒಳಮೈ ಕನ್ನಡಿಯಂತೆ ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

"ಇದರಲ್ಲಿ ಯಾಕಿಲ್ಲ?"

ಸಿದ್ದರಾಮು ಮುಚ್ಚಳವನ್ನೇ ನೋಡಿದ. "ಮರೆತೋಯ್ತು ಮೇಡಂ."

ಅಂಗಡಿಯನ್ನು ಶೋಧಿಸಿದರು. ಡ್ರಾಯರಿನಲ್ಲಿ ಅದೇ ಕಂಪನಿಯ, ಬೆನ್ನಿನ ಮುಚ್ಚಳವಿಲ್ಲದ ಕೆಟ್ಟ ವಾಚೊಂದು ಸಿಕ್ಕಿತು. ಕೆತ್ತುವ ಉಳಿಯೂ ಇತ್ತು. ಹಳೆಯ ಮುಚ್ಚಳ ಎಲ್ಲೂ ಇರಲಿಲ್ಲ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆದು, ರಸೀದಿ ಪುಸ್ತಕವನ್ನೂ ಜಪ್ತಿ ಮಾಡಿದರು. ಅದರ ಮೊದಲ ಪುಟದಲ್ಲಿ ಅವನ ಪೂರ್ತಿ ಹೆಸರು, ವಿಳಾಸ ಇತ್ತು: ಸಿದ್ದರಾಮು, ಬಿನ್ ಲೇಟ್ ಲಿಂಗಯ್ಯ, ಬೆಳಕವಾಡಿ. ಎಲ್ಲಿಗೂ ಹೋಗಕೂಡದೆಂದು ತಾಕೀತು ಮಾಡಿ, ಮಫ್ತಿಯಲ್ಲಿ ಒಬ್ಬ ಕಾನ್‌ಸ್ಟೇಬಲ್‌ನನ್ನು ಎದುರಿನ ಹೋಟೆಲಿನಲ್ಲಿ ಕೂರಿಸಿದರು.

ಅದೇ ಸಂಜೆ ಐದು ಗಂಟೆಗೆ ಅರ್ಪಿತ ಚಿಕ್ಕಣ್ಣನ ಜೊತೆ ಮದ್ದೂರಿನಲ್ಲಿ ಪುಟ್ಟಮಾದಮ್ಮನ ಮನೆಯ ಜಗಲಿಯಲ್ಲಿ ಕೂತಿದ್ದಳು. ಮುದುಕಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅಜ್ಜಿ, ಎಂಬತ್ನಾಲ್ಕನೇ ಇಸವಿ ಮಾರ್ಚ್‌ನಲ್ಲಿ ಏನಾದ್ರೂ ಆಗಿತ್ತಾ?"

ಸುಲಿಯುವ ಕೈ ನಿಂತಿತು.

"ಗೇಟ್ತಾವ ಕಬ್ಬಿನ ಗಾಡಿಗೆ ರೈಲು ಒಡೀತು. ಇಬ್ರು ಸತ್ರು. ಇವ್ರು ಇದ್ದ ರೈಲೇ."

"ಯಾರ ತಪ್ಪು ಅಂತ ಆಯ್ತು?"

"ಗೇಟ್ನೋನದು ಅಂತ. ಟೈಮ್ಗೆ ಗೇಟಾಕ್ನಿಲ್ಲ ಅಂತ ಅವನ್ನ ಕೆಲಸದಿಂದ ತಗುದ್ರು. ಬೆಳಕವಾಡಿ ಕಡೆಯೋನು. ಲಿಂಗಯ್ಯ ಅಂತ."

ಅರ್ಪಿತ ಚಿಕ್ಕಣ್ಣನ ಮುಖ ನೋಡಿದಳು. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಇದನ್ನೆಲ್ಲ ಯಾಕೆ ವಿಚಾರಿಸುತ್ತೀರೆಂದು ಪುಟ್ಟಮಾದಮ್ಮ ಕೇಳಲಿಲ್ಲ. ಕೇಳದೆ ಇದ್ದದ್ದೇ ಅರ್ಪಿತಳಿಗೆ ವಿಚಿತ್ರವಾಗಿ ಕಂಡಿತು.

*

ಜೂನ್ 5, ಗುರುವಾರ. ಬೆಳಕವಾಡಿ ಠಾಣೆಗೆ ತಿಳಿಸಿ, ಬೆಳಿಗ್ಗೆ ಒಂಬತ್ತೂ ಕಾಲಿಗೆ ಸಿದ್ದರಾಮುವಿನ ಮನೆ ತಲುಪಿದರು. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಊರಿನ ಅಂಚೆಯವನು ಮತ್ತು ಪಕ್ಕದ ಮನೆಯ ಹೆಂಗಸು ಪಂಚರು. ಒಬ್ಬ ಕಾನ್‌ಸ್ಟೇಬಲ್ ಮೊಬೈಲಿನಲ್ಲಿ ಶೋಧನೆಯನ್ನು ಚಿತ್ರೀಕರಿಸುತ್ತಿದ್ದ. ಎರಡು ಕೋಣೆ, ಅಟ್ಟ, ಹಿತ್ತಿಲು ನೋಡಿದರು. ಏನೂ ಸಿಗಲಿಲ್ಲ.

ಸಿದ್ದರಾಮುವಿನ ತಾಯಿ ಚಿಕ್ಕಬೋರಮ್ಮ ಬಾಗಿಲ ಪಕ್ಕ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಎಲೆಯಡಿಕೆ ಚೀಲ. ಪೊಲೀಸರು ಮನೆಯನ್ನೆಲ್ಲ ಜಾಲಾಡಿದರೂ ಅವಳ ಎರಡೂ ಕೈ ಆ ಚೀಲದ ಮೇಲೆಯೇ ಇದ್ದವು. ಅರ್ಪಿತ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅವ್ವಾ, ಆ ಚೀಲ ಸ್ವಲ್ಪ ಕೊಡಿ."

"ಕೊಡಾಕಿಲ್ಲ."

"ನೋಡಿ ಕೊಡ್ತೀನಿ."

"ನೋಡಿ ಕೊಡಾಕಿಲ್ಲ ನೀನು. ಇದು ನಮ್ದು ಕಣವ್ವ. ನಮ್ಮ ಯಜಮಾನ್ರದು."

ಸಿದ್ದರಾಮು ಬಾಗಿಲಲ್ಲೇ ಗೋಡೆಗೆ ಒರಗಿದ. "ಕೊಟ್ಬುಡವ್ವ," ಎಂದ.

ಮುದುಕಿಯ ಬೆರಳುಗಳನ್ನು ಅರ್ಪಿತ ಒಂದೊಂದಾಗಿ ಬಿಡಿಸಬೇಕಾಯಿತು. ಹತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಕೈಗಳಿಂದ ಎಷ್ಟೋ ಕಿತ್ತುಕೊಂಡಿದ್ದವಳಿಗೆ ಅವತ್ತು ಮಾತ್ರ ಕದಿಯುತ್ತಿರುವವಳು ತಾನೇ ಅನ್ನಿಸಿತು. ಚೀಲದಲ್ಲಿ ಎಲೆ, ಸುಣ್ಣದ ಡಬ್ಬಿ, ಅವುಗಳ ಕೆಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಮುಚ್ಚಳ. ಹೊರಗೆ 412, ಮಾಸಿ ಮಾಸಿ ಓದಲು ಕಷ್ಟವಾಗುವಷ್ಟು ನುಣ್ಣಗೆ. ಒಳಗೆ ಆ ಬರಹ.

ಸಿದ್ದರಾಮು ಜಗಲಿಯ ಮೇಲೆ ಕೂತು ಎಲ್ಲ ಹೇಳಿದ. ಯಾರೂ ಗದರಿಸಬೇಕಾಗಲಿಲ್ಲ.

ಅಂದು 1984ರ ಮಾರ್ಚ್ 4. ಹಳಿಗೆ ಜಲ್ಲಿ ಸುರಿಯುವ ರೈಲುಗಾಡಿಯೊಂದು ಗೇಟಿನ ಹತ್ತಿರದ ತಿರುವಿನಲ್ಲಿ ನಿಂತಿತ್ತು. ಸಂಜೆ 5.40ಕ್ಕೆ ಹೊರಡುತ್ತದೆ, ಅಲ್ಲಿಯವರೆಗೆ ರಸ್ತೆಯ ಗಾಡಿಗಳನ್ನು ಬಿಡಬಹುದು ಎಂದು ಲಿಂಗಯ್ಯನಿಗೆ ಚೀಟಿ ಬಂದಿತ್ತು. ಹೊರಡಿಸುವವರು ಗಾರ್ಡು, ತಮ್ಮ ವಾಚು ನೋಡಿಕೊಂಡು. ಗೇಟಿನ ಗೋಡೆ ಗಡಿಯಾರದಲ್ಲಿ 5.34 ಆಗಿದ್ದಾಗ ರೈಲು ಬಂತು. ಕಬ್ಬಿನ ಗಾಡಿ ಹಳಿಯ ಮೇಲಿತ್ತು. ಆಮೇಲೆ ಸೇರಿದ ಜನ ಗೇಟಿನ ಮನೆಗೆ ನುಗ್ಗಿ ಗಡಿಯಾರವನ್ನೂ ಲಿಂಗಯ್ಯನ ಹಲ್ಲನ್ನೂ ಮುರಿದರು. ಹದಿನೈದನೇ ತಾರೀಕು ವಿಚಾರಣೆಯಲ್ಲಿ ಗಾರ್ಡಿನ ವಾಚನ್ನು ಪರೀಕ್ಷಿಸಿದಾಗ ಅದು ಒಂದು ಸೆಕೆಂಡೂ ತಪ್ಪಿರಲಿಲ್ಲ.

"ರೈಲು ಮುಂಚೆ ಬಂತು ಅಂತ ನಮ್ಮಪ್ಪ ಸಾಯೋಗಂಟ ಏಳ್ತಿದ್ದ. ನಾವೂ ನಂಬ್ಲಿಲ್ಲ ಮೇಡಂ. ನಾನೂ ನಂಬ್ಲಿಲ್ಲ. ಇಸ್ಕೂಲ್ನಲ್ಲಿ ಉಡುಗ್ರು ಜನ ಕೊಂದೋನ ಮಗ ಅನ್ನೋರು. ಒಂದಿನ ನಾನೇ ಅಪ್ಪನ ಮುಖಕ್ಕೆ ಅಂದ್ಬುಟ್ಟೆ, ನಿದ್ದೆ ಒಡೀತಿದ್ದೆ ಒಪ್ಕೋ ಅಂತ. ಆಮ್ಯಾಕೆ ಅವ್ನು ನನ್ನ ಮುಂದೆ ಆ ಮಾತೇ ಎತ್ನಿಲ್ಲ. ತೊಂಬತ್ತೆಂಟ್ರಲ್ಲಿ ಆಲೆಮನೇಲಿ ಕೂಲಿ ಮಾಡ್ತಾ ಮಾಡ್ತಾ ತೀರ್ಕಂಡ."

"ವಾಚು ಬಂದಾಗ ಯಾರದು ಅಂತ ಗೊತ್ತಿತ್ತಾ?"

"ಗಾರ್ಡ್ ದೇವಯ್ಯನವ್ರದು ಅಂತ ಅವ್ರ ಮಗನೇ ಬರೆಸಿದ್ರು. ಮುಚ್ಚಳ ತಗುದೆ. ತಾರೀಕು ಓದ್ದೆ. ಅವತ್ತು ಅಂಗಡಿ ಬಾಗಿಲಾಕಿದೋನು ಎಲ್ಡು ದಿನ ತಗೀನಿಲ್ಲ."

"ಅವರ ಮಗನಿಗೆ ತೋರಿಸಿ ಕೇಳಬಹುದಿತ್ತಲ್ಲ? ಫೋಟೋ ತೆಗೆದಿಟ್ಟುಕೊಳ್ಳಬಹುದಿತ್ತು."

"ಕೇಳಿದ್ರೆ ಉಜ್ಜಿ ಅಳಿಸ್ಬುಡ್ತಾರೆ ಅನ್ನಿಸ್ತು. ಫೋಟೋ ತಗುದೆ. ಅವ್ವಂಗೆ ಫೋಟೋ ಕಾಣಾಕಿಲ್ಲ. ಅವ್ಳ ಕೈಗೆ ಏನಾರ ಇಡ್ಬೇಕಾಗಿತ್ತು ಮೇಡಂ."

ಬೆಳಿಗ್ಗೆ 10.50ಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಪಂಚನಾಮೆ ಬರೆಯುವಾಗ ಅವನು ಒಂದೇ ಒಂದು ಸಲ ಬಾಯಿ ಹಾಕಿದ.

"ಒಳಗಡೆ ಇರೋದನ್ನೂ ಬರೀರಿ ಮೇಡಂ. ಅಕ್ಸರ ಬುಡದಂಗೆ."

*

ಸಂಜೆ ನಾಲ್ಕೂವರೆಗೆ ಪುಟ್ಟಮಾದಮ್ಮ ಸ್ವತ್ತು ಗುರುತಿಸಲು ಠಾಣೆಗೆ ಬಂದಳು. ಮುಚ್ಚಳ ಕೈಗೆ ಕೊಟ್ಟ ಕೂಡಲೇ "ಇದೇ," ಎಂದಳು. ಆಮೇಲೆ ಅದನ್ನು ಮಗುಚಿ, ಒಳಮೈಯನ್ನು ಉಗುರಿನಿಂದ ಸವರಿ, "ಏನು ಬರೆದೈತೆ?" ಎಂದು ಕೇಳಿದಳು.

ಅರ್ಪಿತ ಓದಿ ಹೇಳಿದಳು. ರೈಲು ಆರು ನಿಮಿಷ ಮುಂಚೆ ಹೊರಟಿತ್ತು, ವಿಚಾರಣೆಗೆ ಮೊದಲೇ ವಾಚು ಸರಿ ಮಾಡಿಸಿದ್ದರು ಎಂಬ ಅದರ ಅರ್ಥವನ್ನೂ ಹೇಳಿದಳು. ಮಹದೇವಸ್ವಾಮಿ "ಅದೆಂಗಾದದು" ಎಂದು ಏಳಲು ಹೋದ. ಮುದುಕಿ ಅವನ ಮಣಿಕಟ್ಟು ಹಿಡಿದು ಕೂರಿಸಿದಳು. ಸಿದ್ದರಾಮು ಎದುರಿನ ಗೋಡೆಗೆ ಆತು ಕೂತಿದ್ದ.

"ಅದಾಗಿ ನಾಕೈದು ದಿನಕ್ಕೆ ಅವ್ರು ಮೈಸೂರ್ಗೋದ್ರು," ಎಂದಳು ಪುಟ್ಟಮಾದಮ್ಮ. "ಏನ್ಕೆ ಅಂತ ಏಳ್ನಿಲ್ಲ. ನಾನೇ ರೊಟ್ಟಿ ಕಟ್ಕೊಟ್ಟೆ. ನಮ್ಮ ಕೇರೀಲಿ ಟೋಪಿ ಆಕ್ಕಂಡು ಕೆಲಸಕ್ಕೋದ ಮೊದಲ್ನೇ ಗಂಡ್ಸು ಅವ್ರು. ಆ ಕೆಲಸ ಓದ್ರೆ ನಾವು ಎತ್ಲಾಗೂ ಇಲ್ಲ. ವಾಪಸ್ ಬಂದೋರು ಮೂರು ದಿನ ಉಣ್ನಿಲ್ಲ. ನಾನು ಕೇಳ್ನಿಲ್ಲ." ಸಿದ್ದರಾಮುವಿನ ಕಡೆ ತಿರುಗಿದಳು. "ನಂಗೆ ಗೊತ್ತಿರ್ನಿಲ್ಲ ಅಂತ ಏಳಕ್ಕೆ ಆಗಾಕಿಲ್ಲ ಕಣಪ್ಪಾ. ಗೊತ್ತು ಮಾಡ್ಕಳಕ್ಕೆ ಓಗ್ನಿಲ್ಲ, ಅಷ್ಟೆ."

ಸಿದ್ದರಾಮು ತಲೆ ಎತ್ತಲಿಲ್ಲ.

"ಕಂಪ್ಲೇಂಟು ವಾಪಸ್ ತಕ್ಕಬೋದಾ ಮಗಾ?" ಎಂದು ಮುದುಕಿ ಅರ್ಪಿತಳನ್ನು ಕೇಳಿದಳು. "ಇವನನ್ನ ಬುಟ್ಬುಡಿ. ನಂದು ನಂಗೆ ಕೊಟ್ಬುಡಿ."

"ಇನ್ನು ನನ್ನ ಕೈಲಿಲ್ಲ ಅಜ್ಜಿ. ನೀವಿಬ್ಬರೂ ರಾಜಿ ಅಂತ ನ್ಯಾಯಾಲಯದಲ್ಲಿ ಕೇಳಿಕೊಂಡರೆ ಜಡ್ಜ್ ಸಾಹೇಬರು ಒಪ್ಪಬಹುದು. ಆಗ ಕೇಸು ಮುಗಿಯುತ್ತೆ, ಮುಚ್ಚಳ ನಿಮಗೆ ವಾಪಸ್ ಬರುತ್ತೆ."

"ಬ್ಯಾಡ," ಎಂದ ಸಿದ್ದರಾಮು.

ಎಲ್ಲರೂ ಅವನತ್ತ ನೋಡಿದರು.

"ರಾಜಿ ಬ್ಯಾಡ. ಕೇಸು ನಡೀಲಿ. ನಾನು ಕದ್ದೆ, ಒಪ್ಕತೀನಿ. ಆ ಮುಚ್ಚಳ ಕೋರ್ಟ್ಗೆ ಓಗ್ಲಿ."

ಚಿಕ್ಕಣ್ಣ ತಡೆಯಲಾರದೆ, "ಲೇ, ಒಳಕ್ಕೋಗ್ತೀಯ ಕಣ್ಲಾ," ಎಂದ.

ಪುಟ್ಟಮಾದಮ್ಮ ಎದ್ದು ಮುಚ್ಚಳವನ್ನು ತಾನೇ ಮೇಜಿನ ಮೇಲಿಟ್ಟು, ಹೇಳಿಕೆಗೆ ಹೆಬ್ಬೆಟ್ಟು ಒತ್ತಿ ಹೊರಟಳು. ತನಗೆ ಗೊತ್ತಿದ್ದ ಮೈಸೂರಿನ ವಿಷಯವನ್ನೂ ಹೇಳಿಕೆಯಲ್ಲಿ ಸೇರಿಸಬೇಕೆಂದು ಅವಳೇ ಹೇಳಿದ್ದಳು. ಮಗ ಬೇಡವೆಂದರೂ ಕೇಳಲಿಲ್ಲ.

ಆರು ಗಂಟೆಗೆ ಇನ್‌ಸ್ಪೆಕ್ಟರ್ ರವಿಚಂದ್ರ ಪಂಚನಾಮೆ ಓದಿದರು. "ಸ್ವತ್ತಿನ ಗುರುತಿಗೆ ಹೊರಗಿನ ನಂಬರು ಸಾಕಲ್ವೇನ್ರೀ? ಒಳಗಿನ ಗೀರನ್ನೆಲ್ಲ ಯಾಕೆ ಬರೆದಿದ್ದೀರಿ? ರೈಲ್ವೆಯವರ ಹಳೇ ಗೋರಿ ಅಗೆಯೋ ಕೆಲಸ ನಮಗೆ ಬೇಡ."

"ಈ ಮುಚ್ಚಳ ಯಾಕೆ ಕಳುವಾಯ್ತು ಅನ್ನೋದಕ್ಕೆ ಇರೋ ಸಾಕ್ಷಿ ಅದೊಂದೇ ಸರ್. ಪಂಚರ ಸಹಿ ಆಗಿದೆ."

ಅವರು ಕಾಗದವನ್ನು ಕಡತಕ್ಕೆ ಸೇರಿಸಿದರು.

ಮರುದಿನ ಬೆಳಿಗ್ಗೆ ನ್ಯಾಯಾಲಯಕ್ಕೆ ಕರೆದೊಯ್ಯುವ ಮುನ್ನ ಅರ್ಪಿತ ಆರೋಪಿಗೆ ತಿಂಡಿ ತರಿಸಿದಳು. ಅವನು ಎರಡು ಇಡ್ಲಿ ತಿಂದು, ಕೈ ತೊಳೆದುಕೊಂಡು, ಅಳುಕುತ್ತ ಕೇಳಿದ.

"ಮೇಡಂ, ನೆನ್ನೆ ನೀವು ಬರೆದ್ರಲ್ಲ ಆ ಕಾಗ್ದ, ಅದ್ರದ್ದು ಒಂದು ನಕಲು ಸಿಕ್ತದಾ? ಸೀಲಾಕಿರೋದು. ಅದ್ಕೆ ಎಷ್ಟು ಕಟ್ಬೇಕು? ನಮ್ಮಪ್ಪ ಅಂಥದ್ದೊಂದು ಕಾಗ್ದಕ್ಕೆ ಹದಿನಾಲ್ಕು ವರ್ಸ ಅಲೆದ."

"ಏನೂ ಕಟ್ಟೋ ಹಾಗಿಲ್ಲ," ಎಂದಳು ಅರ್ಪಿತ. "ಆರೋಪಿಗೆ ಕೊಡಲೇಬೇಕು ಅಂತ ಕಾನೂನೇ ಇದೆ."